ಹೌದು ಸ್ವಾಮಿ, ಪಟ್ಟಿಯೇ!

ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಪದ್ಯದ ಮಾತು ಬಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೆಲವು ಪಂಡಿತರು ಮೂಗು ಮುರಿಯುತ್ತಾರೆ. “ಇದೆಂತ ಕಾವ್ಯ? ಬರೀ ಪಟ್ಟಿ, ಬರೀ ಘೋಷಣೆ” ಅನ್ನುತ್ತಾರೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗಿನಿಂದ ಇದೇ ರಾಗ. ಕವಿ 2021ರಲ್ಲಿ ತೀರಿಕೊಂಡರು, ಇವರ ರಾಗ ಮುಗಿದಿಲ್ಲ.

ಪಟ್ಟಿ ಅಂತಲೇ ಒಪ್ಪಿದೆವು. ಯಾರ ಪಟ್ಟಿ, ಹೇಗೆ ಕಟ್ಟಿದ್ದು, ಒಂಚೂರು ಕಾಣಿ. ಮಾಡಿದ ಕೆಲಸ ಒಂದು, ಅದರ ಬೆನ್ನಿಗೇ ಕೈಗೆ ಸಿಗದ ಫಲ. ಗಣಿ ಅಗೆದವನಿಗೆ ಊಟವಿಲ್ಲ, ನೇಯ್ದವನಿಗೆ ಅರಿವೆಯಿಲ್ಲ. ನಡುವೆ ಒಂದು ‘ಆದರೆ’ ಹಾಕಿದ್ದರೆ ಓದುವವನು ಅಯ್ಯೋ ಪಾಪ ಎಂದು ಪುಟ ಮಗುಚುತ್ತಿದ್ದ. ಕವಿ ಹಾಕಲಿಲ್ಲ. ನಮ್ಮ ಕೇರಿಯಲ್ಲಿ ಅದು ಆಶ್ಚರ್ಯವಲ್ಲ, ದಿನದ ಲೆಕ್ಕ.

ಇನ್ನು ಪ್ರಾಸ. ‘ಓರು’ ಅನ್ನುವ ಬಾಯಿಮಾತಿನ ತುದಿಯೇ ಪ್ರಾಸ, ನಿಘಂಟು ತಡಕಿ ತಂದದ್ದಲ್ಲ. ಅದನ್ನು ‘ಅವರು’ ಎಂದು ತಿದ್ದಿ ಓದಿ, ಪದ್ಯ ಅಲ್ಲೇ ಸತ್ತು ಬೀಳುತ್ತದೆ. ನಮ್ಮ ಕುಂದಾಪ್ರ ಬಾಯಲ್ಲಿ ಕೊನೆಯ ಉಕಾರವೂ ಹಾರಿ ‘ಓರ್’ ಎಂದು ಪೆಟ್ಟು ಬಿದ್ದಂತೆ ನಿಲ್ಲುತ್ತದೆ. ಹಾಡಿ ನೋಡಿ, ಗೊತ್ತಾಗುತ್ತದೆ.

ಬೈಂದೂರು ಬದಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ದೊಡ್ಡ ಕವಿ, ನಾವು ಇಲ್ಲವೆನ್ನುವುದಿಲ್ಲ. 1954ರ ಅವರ ‘ಚಂಡೆ ಮದ್ದಳೆ’ ಒಂಟಿ ಕೂತು ಓದುವವನಿಗೆ. ಅದೇ ಅಳತೆಕೋಲಿನಲ್ಲಿ ಮೆರವಣಿಗೆಯ ಪದ್ಯ ಅಳೆಯುವುದು ಯಾವ ನ್ಯಾಯ ಮಾರಾಯ್ರೆ? ಅದಕ್ಕೂ ಮುಂಚೆ ‘ಕಟ್ಟುವೆವು ನಾವು’ ಬರೆದವರೂ ಅಡಿಗರೇ. ಹತ್ತು ಜನ ಸೇರಿ ಅದನ್ನು ಹಾಡಿದರೆ ಕಾವ್ಯ, ನಾವು ಹಾಡಿದರೆ ಘೋಷಣೆ!

ನಮ್ಮ ಹುಡುಗರಿಗೂ ಒಂದು ಮಾತು. ಆ ಪದ್ಯದ ಅಚ್ಚು ಹಿಡಿದು ಇಲ್ಲಿ ಕೂತು ಬಯಲುಸೀಮೆಯ ಗಣಿ, ತಮಟೆ ಎಂದು ಬರೆಯಬೇಡಿ. ಅಜಲು ಎಂಬ ಹೆಸರಿನಲ್ಲಿ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದ ಸೀಮೆ ಇದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು 53 ವರ್ಷದ ಮೇಲೆ! ಬುಟ್ಟಿ ನೇಯ್ದ, ಡೋಲು ಬಡಿದ ಆ ಜನ ನಿಮ್ಮ ಯಾವ ಸಾಲಿನಲ್ಲಿದ್ದಾರೆ? ಡೋಲನ್ನು ಬಂಡಾಯದ ಅಲಂಕಾರ ಮಾಡುವ ಮೊದಲು, ಕಂಬಳದ ಗದ್ದೆಯಲ್ಲಿ ಅದನ್ನು ಬಲವಂತವಾಗಿ ಬಡಿಸಿದವರು ಯಾರು ಅನ್ನುವುದು ಪದ್ಯದೊಳಗೆ ಬರಲಿ. ಕೊರಗರ ಹುಡುಗ ಹುಡುಗಿಯರು ತಮ್ಮ ನುಡಿಯಲ್ಲೇ ಬರೆದು ಕೊಡಲಿ, ಮುಂದಿನ ಸಂಚಿಕೆಯ ಮೊದಲ ಪುಟ ಅವರಿಗೆ.