ಒಂದೇ ಸ್ಲೇಟು, ಇಬ್ಬರ ಲೆಕ್ಕ

ಮನೆಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್, ಕಾಲೇಜಿನ ಪ್ರಯೋಗಾಲಯದಲ್ಲಿರುವುದು ಲಿನಕ್ಸ್. ಹಲವು ವಿದ್ಯಾರ್ಥಿಗಳ ಪಾಡಿದು. ಇವೆರಡರ ನಡುವೆ ಸೇತುವೆಯಾಗಿ ಬಂದದ್ದು ಸಿಗ್ವಿನ್. ಅಮೆರಿಕದ ಸಿಗ್ನಸ್ ಕಂಪನಿಯಲ್ಲಿ 1995ರಲ್ಲಿ ಆರಂಭವಾದ ಈ ತಂತ್ರಾಂಶದ ನೆರವಿನಿಂದ, ಯುನಿಕ್ಸ್‌ಗೆಂದು ಬರೆದ ಸಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ ವಿಂಡೋಸಿನಲ್ಲೂ ಓಡಿಸಬಹುದು.

ಆದರೆ ಮನೆಯಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಕಾಲೇಜಿನಲ್ಲಿ, ಅದೂ ಪರೀಕ್ಷಕರ ಎದುರು, ಕೈಕೊಡುವುದುಂಟು. ಇದೇಕೆ ಹೀಗೆ?

ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಿಗೆ ಥ್ರೆಡ್ ಎಂದು ಹೆಸರು. ವಾಕ್ಯವನ್ನು ಪದಗಳಾಗಿ ಒಡೆಯುವ ‘ಸ್ಟ್ರ್‌ಟಾಕ್’ ಎಂಬ ಹಳೆಯ ಫಂಕ್ಷನ್, ತಾನು ಎಲ್ಲಿಗೆ ನಿಲ್ಲಿಸಿದೆನೆಂಬುದನ್ನು ತನ್ನದೇ ಒಂದು ಸ್ಲೇಟಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇಬ್ಬರು ಮಕ್ಕಳು ಒಂದೇ ಸ್ಲೇಟಿನಲ್ಲಿ ಲೆಕ್ಕ ಮಾಡಿದರೆ ಒಬ್ಬನದನ್ನು ಇನ್ನೊಬ್ಬ ಅಳಿಸುವುದು ಖಂಡಿತ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಗ್ನೂ ಲೈಬ್ರರಿಯಲ್ಲಿ ಆಗುವುದು ಇದೇ. ಸಿಗ್ವಿನ್ ಬಳಸುವ ನ್ಯೂಲಿಬ್ ಲೈಬ್ರರಿಯಾದರೋ ಪ್ರತಿ ಥ್ರೆಡ್ಡಿಗೂ ಬೇರೆ ಸ್ಲೇಟು ಕೊಡುತ್ತದೆ. ಹಾಗಾಗಿ ಮನೆಯಲ್ಲಿ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ!

ಪರಿಹಾರ 1995ರಷ್ಟು ಹಿಂದೆಯೇ ಬಂದಿದೆ. ಆ ವರ್ಷದ ಪೋಸಿಕ್ಸ್ ಥ್ರೆಡ್ ಮಾನದಂಡದಲ್ಲಿ ‘ಸ್ಟ್ರ್‌ಟಾಕ್_ಆರ್’, ‘ಲೋಕಲ್‌ಟೈಮ್_ಆರ್’ ಮುಂತಾದ ಫಂಕ್ಷನ್‌ಗಳು ಸೇರಿದವು. ಇಲ್ಲಿ ಸ್ಲೇಟನ್ನು ಕರೆಯುವವನೇ ತರಬೇಕು, ಜಗಳಕ್ಕೆ ಆಸ್ಪದವಿಲ್ಲ. ಇವು ಸಿಗ್ವಿನ್‌ನಲ್ಲೂ ಉಂಟು, ಲಿನಕ್ಸ್‌ನಲ್ಲೂ ಉಂಟು.

ಉಂಟು, ಆದರೆ ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲ. ಕಂಪೈಲರಿಗೆ ‘ಸಿ99 ಮಾತ್ರ’ ಎಂದು ಕಟ್ಟುನಿಟ್ಟಾಗಿ ಹೇಳಿದರೆ, ಶುದ್ಧ ಸಿ ಭಾಷೆಯಲ್ಲಿಲ್ಲದ ಈ ಹೆಸರುಗಳನ್ನು ಹೆಡರ್ ಕಡತ ಮರೆಮಾಡುತ್ತದೆ. ಆಗ ಹಳೆಯ ಕಂಪೈಲರುಗಳು ಒಂದು ಎಚ್ಚರಿಕೆ ಕೊಟ್ಟು, ಫಂಕ್ಷನ್ ಪೂರ್ಣಾಂಕವನ್ನು ಹಿಂತಿರುಗಿಸುತ್ತದೆಂದು ಊಹಿಸಿಬಿಡುತ್ತವೆ. 64 ಬಿಟ್ ಯಂತ್ರದಲ್ಲಿ ವಿಳಾಸದ ಅರ್ಧಭಾಗವೇ ಕತ್ತರಿಸಿಹೋಗಿ ಪ್ರೋಗ್ರಾಂ ಕುಸಿಯಬಹುದು. 2024ರಲ್ಲಿ ಬಂದ ಜಿಸಿಸಿ 14 ಇದನ್ನು ದೋಷವೆಂದೇ ಪರಿಗಣಿಸಿ ನಿಲ್ಲಿಸುತ್ತದೆ. ಹೆಡರ್‌ಗಳಿಗಿಂತ ಮೊದಲೇ ‘_ಪೋಸಿಕ್ಸ್_ಸಿ_ಸೋರ್ಸ್’ ಎಂಬ ಗುರುತನ್ನು ತಕ್ಕ ಬೆಲೆಯೊಂದಿಗೆ ಬರೆದರೆ, ಅಥವಾ ‘ಗ್ನೂ99’ ಎಂದು ಆರಿಸಿಕೊಂಡರೆ, ಮರೆಯಾದ ಹೆಸರು ಮತ್ತೆ ಕಾಣಿಸುತ್ತದೆ.

ವಿದ್ಯಾರ್ಥಿಗಳು ಕಂಪೈಲರಿನ ಎಚ್ಚರಿಕೆಗಳನ್ನು ಅಲಕ್ಷಿಸಬಾರದು. ತಂದೆತಾಯಿಗಳೂ ಒಂದು ಮಾತು ನೆನಪಿಡಬೇಕು: ‘ನಿನ್ನೆ ಮನೆಯಲ್ಲಿ ಸರಿಯಾಗಿತ್ತು’ ಎಂದು ಮಗಳು ಕಣ್ಣೀರಿಟ್ಟರೆ ಅದು ನೆಪವಲ್ಲ, ನಿಜವೂ ಇರಬಹುದು.