ಪಂಚಾಯಿತಿಯ ಕರಾರೂ ಪ್ರಾಮಾಣಿಕತೆಯೂ

ಸಂತೆಮರಹಳ್ಳಿಯ ಸೀಮೆಯಲ್ಲಿ ಹರಿಯುವ ಹೊನ್ನುಹೊಳೆ ಅಥವಾ ಸುವರ್ಣಾವತಿಯ ಹೆಸರು, 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಮಾಡಿಕೊಂಡ ನೀರಾವರಿ ಒಡಂಬಡಿಕೆಯ ನದಿಗಳ ಪಟ್ಟಿಯಲ್ಲಿದೆ. ಆ ನದಿಗಳಿಗೆ ಹೊಸ ಜಲಾಶಯ ಕಟ್ಟಲು ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕಾಗಿತ್ತು. ತನ್ನ ರೂಢಿಯ ಹಕ್ಕುಗಳ ರಕ್ಷಣೆಗಲ್ಲದೆ ಬೇರೆ ನೆವದಿಂದ ಮದರಾಸು ಒಪ್ಪಿಗೆಯನ್ನು ನಿರಾಕರಿಸುವಂತಿರಲಿಲ್ಲ. ವಿವಾದ ಬಂದರೆ ಮಧ್ಯಸ್ಥರ ತೀರ್ಪಿಗೆ ಒಪ್ಪಿಸುವುದೆಂದೂ ಕರಾರಾಗಿತ್ತು. ಬರೆಹದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಮನಸ್ಸಿನಲ್ಲಿ.

ಕನ್ನಂಬಾಡಿಯ ಪ್ರಕರಣವೇ ಇದಕ್ಕೆ ಸಾಕ್ಷಿ. ಮೈಸೂರು 4,150 ಕೋಟಿ ಘನ ಅಡಿ ನೀರಿನ ಜಲಾಶಯವನ್ನು ಬಯಸಿತು. ಮದರಾಸು 1,100 ಕೋಟಿಗೆ ಮಾತ್ರ ಸಮ್ಮತಿಸಿತು. ಆದರೂ ಅಸ್ತಿಭಾರವನ್ನು ದೊಡ್ಡ ಕಟ್ಟೆಗೆ ತಕ್ಕಂತೆಯೇ ಹಾಕಲಾಯಿತು. ವ್ಯಾಜ್ಯವು ಮಧ್ಯಸ್ಥರಾದ ಸರ್ ಹೆನ್ರಿ ಗ್ರಿಫಿನ್ ಅವರ ಮುಂದೆ ಬಂದು, 1914ರ ಮೇ 12ರಂದು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾದ ತೀರ್ಪಾಯಿತು. ತಾನೂ ಒಪ್ಪಿದ್ದ ಮಾರ್ಗದ ಫಲವನ್ನು ಮದರಾಸು ಒಪ್ಪದೆ, ಲಂಡನ್ನಿನ ಭಾರತಮಂತ್ರಿಯವರೆಗೆ ದೂರು ಒಯ್ದಿತು. ತೀರ್ಪು ನಿರರ್ಥಕವಾಗಿ, 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವೇ ಆಗಬೇಕಾಯಿತು. ತಂಜಾವೂರಿನ ರೈತನ ಭಯವೂ ಮಂಡ್ಯದ ರೈತನ ಆಸೆಯೂ ನ್ಯಾಯವಾದವುಗಳೇ. ಆದರೆ ಸರ್ಕಾರಗಳ ಪರಸ್ಪರ ಅವಿಶ್ವಾಸಕ್ಕೆ ಇಬ್ಬರೂ ಹತ್ತು ವರ್ಷಗಳನ್ನು ತೆತ್ತರು.

ಇದು ರಾಜ್ಯಗಳಿಗೆ ಮಾತ್ರ ಸಂಬಂಧಿಸಿದ ಪಾಠವಲ್ಲ. ಇಂದು ಕಂಟ್ರಾಕ್ಟುದಾರನೂ ಸಾಲಗಾರನೂ ರುಜು ಹಾಕುವ ಅಚ್ಚಿನ ಕಾಗದಗಳಲ್ಲಿ ಪಂಚಾಯಿತಿಯ ಷರತ್ತು ಅಡಗಿರುತ್ತದೆ. ಪಂಚಾಯಿತನನ್ನು ತಾನೊಬ್ಬನೇ ನೇಮಿಸುವೆನೆಂದು ಬಲಿಷ್ಠ ಪಕ್ಷವು ಬರೆದುಕೊಂಡರೆ, ಅದು ಪಂಚಾಯಿತಿಯ ವೇಷದ ಅಧಿಕಾರವೇ ಹೊರತು ನ್ಯಾಯವಲ್ಲ. ಸರ್ಕಾರಿ ಸಂಸ್ಥೆಗಳ ಕಂಟ್ರಾಕ್ಟುಗಳಲ್ಲಿ ಇಂತಹ ಷರತ್ತು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರ್ 8ರಂದು ಸಾರಿದುದು ಸ್ತುತ್ಯರ್ಹ.

ಆದರೆ ಕೋರ್ಟು ಷರತ್ತನ್ನು ತಿದ್ದಬಲ್ಲದು, ಮನಸ್ಸನ್ನಲ್ಲ. ಮೋಸ, ಪಕ್ಷಪಾತಗಳಿಂದಾದ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು 1996ರ ಕಾಯಿದೆಯೇ ಕೊಟ್ಟಿದೆ. ಅದನ್ನು ಯಾರೂ ಆಕ್ಷೇಪಿಸಲಾರರು. ಸೋತ ಮಾತ್ರಕ್ಕೆ ವರ್ಷಗಟ್ಟಲೆ ಎಳೆದಾಡುವುದು ಮಾತ್ರ ಕೊಟ್ಟ ಮಾತಿಗೆ ದ್ರೋಹ. ಕರಾರು ಬರೆಯುವ ಅಧಿಕಾರಿಗಳು ಇಬ್ಬರಿಗೂ ಸಮ್ಮತರಾದ ಮಧ್ಯಸ್ಥರನ್ನು ಆರಿಸುವ ದಾರಿಯನ್ನು ಕಾಗದದಲ್ಲಿಯೇ ನಮೂದಿಸಲಿ. ಪಕ್ಷಗಾರರು ಲೆಕ್ಕಪತ್ರಗಳನ್ನು ಮುಚ್ಚಿಡದೆ ಮುಂದಿಡಲಿ. ಗೆದ್ದರೆ ಮಾತ್ರ ಒಪ್ಪುವೆನೆನ್ನುವವನು ಪಂಚಾಯಿತಿಗೆ ಒಪ್ಪಿದವನೇ ಅಲ್ಲ.