ತುರಂಗದ ಗೋಡೆಯೊಳಗೂ ಕಾಯ್ದೆ ನಡೆಯಲಿ

ಮಹಾಂತೇಶ ನಗರದಿಂದ ಹಿಂಡಲಗಾ ತುರಂಗ ಬಹು ದೂರವಿಲ್ಲ. ಆದರೂ ಆ ಗೋಡೆಯ ಆಚೆಗಿನ ಸಂಗತಿ ನಮಗೆ ಸಂಬಂಧಿಸಿದ್ದಲ್ಲವೆಂದು ಗಿರಣಿಗೆ ಹೋಗುವವರೂ ಅಂಗಡಿ ತೆರೆಯುವವರೂ ತಿಳಿದಿದ್ದೇವೆ. ಈ ತಿಳಿವಳಿಕೆ ತಪ್ಪು.

ಬಿ. ಎ. ಉಮೇಶ, ಅಂದರೆ ಉಮೇಶ ರೆಡ್ಡಿಗೆ, 2006ರಲ್ಲಿ ಫಾಶಿ ಶಿಕ್ಷೆಯಾಯಿತು. ಅವನ ಅಪರಾಧ ಘೋರವಾದುದು. ನೊಂದ ಮನೆಯವರ ದುಃಖವನ್ನು ನಾವು ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಕಾಯಂ ಮಾಡಿತು. 2013ರಲ್ಲಿ ರಾಷ್ಟ್ರಪತಿಗಳು ದಯಾ ಅರ್ಜಿಯನ್ನು ತಳ್ಳಿಹಾಕಿದರು. ಇಲ್ಲಿಯವರೆಗಿನದು ಕಾಯ್ದೆಯ ಹಾದಿ. ಆದರೆ 2006ರಿಂದಲೇ ಅವನನ್ನು ಬೆಳಗಾವಿಯಲ್ಲಿ ಒಂಟಿ ಕೋಣೆಗೆ ಹಾಕಿ ಸುಮಾರು ಹತ್ತು ವರ್ಷ ಇಟ್ಟದ್ದು ಯಾವ ಕಾಯ್ದೆ? ಒಂಟಿ ಸೆರೆಗೆ ದಂಡಸಂಹಿತೆ ಹಾಕಿದ ಮಿತಿ ಮೂರು ತಿಂಗಳು. ಅದೂ ಕೋರ್ಟಿನ ಆಜ್ಞೆಯಿದ್ದರೆ. ದಯಾ ಅರ್ಜಿ ಇತ್ಯರ್ಥವಾಗುವ ಮೊದಲು ಫಾಶಿ ಕೈದಿಯನ್ನು ಒಂಟಿಯಾಗಿ ಇಡಕೂಡದೆಂದು ಸುನೀಲ ಬಾತ್ರಾ ಖಟ್ಲೆಯಲ್ಲಿ 1978ರಲ್ಲಿಯೇ ತೀರ್ಪಾಗಿತ್ತು.

2021ರಲ್ಲಿ ಹೈಕೋರ್ಟು ಅವನ ಅರ್ಜಿಯನ್ನು ವಜಾ ಮಾಡಿತು. ಆದರೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು, ಈ ಒಂಟಿ ಸೆರೆ ಕಾನೂನುಬಾಹಿರ, ಕೈದಿಯ ಸ್ವಾಸ್ಥ್ಯವನ್ನು ಕೆಡಿಸಿದೆ ಎಂದು ಹೇಳಿ, ಫಾಶಿಯನ್ನು ಕನಿಷ್ಠ 30 ವರ್ಷಗಳ ಸೆರೆಯಾಗಿ ಮಾರ್ಪಡಿಸಿತು. ಇದು ಬಿಡುಗಡೆಯಲ್ಲ, ಸರಕಾರವೂ ಕಾಯ್ದೆಗೆ ಬದ್ಧ ಎಂಬ ಎಚ್ಚರಿಕೆ.

ಅವನ ಕೂಗು ದಿಲ್ಲಿಗೆ ಮುಟ್ಟಿತು. ಬಡ ಕೈದಿಯ ಗತಿಯೇನು? ಸೆಶನ್ಸ್ ಕೋರ್ಟಿನ ಸೆರೆಶಿಕ್ಷೆಯ ಮೇಲೆ ಹೈಕೋರ್ಟಿಗೆ ಅಪೀಲು ಮಾಡಲು 60 ದಿನಗಳ ಅವಧಿ. ಚಿತ್ತ ಕೆಟ್ಟವನಿಗೆ ದಿನ ಎಣಿಸಲು ಬಾರದು, ವಕೀಲನಿಗೆ ತನ್ನ ಮಾತು ತಿಳಿಸಲು ಬಾರದು. ತೀರ್ಪಿನ ಪ್ರತಿಯನ್ನೂ ವಕೀಲನನ್ನೂ ಬಡ ಕೈದಿಗೆ ಪುಕ್ಕಟೆ ಕೊಡಬೇಕೆಂದು ಹೊಸ್ಕೋಟ್ ಖಟ್ಲೆಯಲ್ಲಿ 1978ರಲ್ಲಿ ಹೇಳಿದ್ದಾಗಿದೆ. ಪ್ರತಿ ರಾಜ್ಯದ ಒಂದಾದರೂ ತುರಂಗದಲ್ಲಿ ಮಾನಸಿಕ ಚಿಕಿತ್ಸೆಯ ವಿಭಾಗವಿರಬೇಕೆಂದು 2017ರ ಕಾಯ್ದೆ ವಿಧಿಸಿದೆ. ಮಾನಸಿಕ ರೋಗ ಫಾಶಿಯನ್ನು ಮಾರ್ಪಡಿಸಲು ಕಾರಣವಾಗಬಲ್ಲದೆಂದು 2014ರಲ್ಲಿಯೇ ಸುಪ್ರೀಂ ಕೋರ್ಟು ಒಪ್ಪಿದೆ.

ಕಾಗದದ ಮೇಲಿನ ಹಕ್ಕು ಕೈದಿಯ ಕೈಗೆ ಸೇರಬೇಕು. ಧಾರವಾಡದ ಮಾನಸಿಕ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಅಲ್ಲಿಯ ವೈದ್ಯರು ಹಿಂಡಲಗಾದ ಪ್ರತಿಯೊಬ್ಬ ಕೈದಿಯನ್ನೂ ತಪಾಸಿಸಲಿ. ಅಪೀಲಿನ ಅವಧಿ ಮುಗಿಯುವ ಮೊದಲೇ ಅವರ ವರದಿ ವಕೀಲರ ಕೈ ಸೇರಲಿ. ತೀರ್ಪಿನ ಸಾರವನ್ನು ಕೈದಿಗೆ ಅವನ ಭಾಷೆಯಲ್ಲಿಯೇ ತಿಳಿಸಲಿ. ಇದು ನಮ್ಮ ಒತ್ತಾಯ.

ಇಂದು ಮುಷ್ಕರದಲ್ಲಿ ನಿಂತವನು ನಾಳೆ ಸುಳ್ಳು ಖಟ್ಲೆಯಲ್ಲಿ ಒಳಗೆ ಹೋಗಬಹುದು. ಕೈದಿಗೆ ಇಲ್ಲದ ನ್ಯಾಯ ಕೂಲಿಕಾರನಿಗೂ ಉಳಿಯುವುದಿಲ್ಲ.